ಸಹಿ ಹಾಕುವ ಹೊತ್ತಿಗೆ ಬಂದವರು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ, ನೆನಪು ಕಥೆ ಕಟ್ಟುತ್ತದೆ ಎಂದು ಸುಮ್ಮನಾಗುತ್ತಿದ್ದೆ. ನನ್ನ ನೆನಪಿನ ಮೇಲೂ ನನಗೆ ಭರವಸೆಯಿಲ್ಲ. ದಿನಚರಿ ಬರೆಯುವುದು ಅದಕ್ಕೇ.

ಕೆಲವು ವರ್ಷಗಳ ಹಿಂದಿನ ಮಾತು. ನೈರೋಬಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾ, ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಒಬ್ಬ ರಾಜ್ಯ ಗವರ್ನರರ ಬದುಕನ್ನು ಬರೆಯುತ್ತಿದ್ದೆ. ಕಮ್ಮಾರನ ಮಗ; ಸ್ವಂತ ಓದಿನಿಂದ ವಕೀಲರಾಗಿ, ಶಾಸನಸಭೆಗೆ ಹೋಗಿ, ಗವರ್ನರ್ ಆದವರು. ಗಲ್ಲಿನ ಆದೇಶ ಮೇಜಿಗೆ ಬಂದರೆ ಕುದುರೆ ಏರಿ ಜೈಲಿಗೆ ಹೋಗಿ, ಕೈದಿಯ ಎದುರು ಕೂತು ಮಾತಾಡಿದ ಮೇಲೆಯೇ ಸಹಿಯ ವಿಚಾರ. ಪತ್ರಿಕೆಗಳು ಕೊಲೆಗಾರರ ಗೆಳೆಯ ಎಂದು ಹಂಗಿಸಿದವು. ಪಕ್ಷ ಅವರನ್ನು ಎರಡನೆಯ ಸಲ ಚುನಾವಣೆಗೆ ನಿಲ್ಲಿಸಲಿಲ್ಲ. ಅವರು ಪದ್ಧತಿ ಬಿಡಲಿಲ್ಲ. ಅದನ್ನು ಯಾಕೆ ಹಿಡಿದರು ಎಂಬುದು ಮಾತ್ರ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ನಮ್ಮ ಶಿಸ್ತು ಸಮಿತಿಯ ಪದ್ಧತಿ ಬೇರೆ. ಕಾಲೇಜಿನಿಂದ ಹೊರಹಾಕುವ ಪತ್ರ ಮೊದಲೇ ಟೈಪಾಗಿ ಬರುತ್ತಿತ್ತು; ಅಧ್ಯಕ್ಷೆಯಾದ ನಾನು ಫೈಲು ಓದಿ ಸಹಿ ಹಾಕುತ್ತಿದ್ದೆ. ವಿದ್ಯಾರ್ಥಿಗಳನ್ನು ಕರೆಸುತ್ತಿರಲಿಲ್ಲ, ಕರೆಸಿದರೆ ಅಳುತ್ತಾರೆ, ಮನಸ್ಸು ಕರಗುತ್ತದೆ ಎಂಬ ವಾದ. ಆ ಗವರ್ನರರನ್ನು ಅಷ್ಟು ಮೆಚ್ಚುತ್ತಲೇ ಹೀಗೆ ಮಾಡುತ್ತಿದ್ದೆ.

ಆ ಮಧ್ಯಾಹ್ನ ಬಂದದ್ದು ವಾಂಜಿರು ಎಂಬ ಕೊನೆಯ ವರ್ಷದ ಹುಡುಗಿಯ ಪತ್ರ. ಸಹಪಾಠಿಯ ಪ್ರಬಂಧ ನಕಲು ಮಾಡಿದಳೆಂಬ ಆರೋಪ. ಸಹಿ ಬಿದ್ದರೆ ವಿದ್ಯಾರ್ಥಿವೇತನವೂ ಇಲ್ಲ, ಪದವಿಯೂ ಇಲ್ಲ. ಪೆನ್ನಿನ ಮುಚ್ಚಳ ತೆಗೆದು ತಲೆ ಎತ್ತಿದರೆ, ಎದುರಿನ ಕುರ್ಚಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಉದ್ದನೆಯ ಕಪ್ಪು ಕೋಟು, ಅಂಚಿಗೆ ಒಣಗಿದ ಕೆಸರು.

"ಒಬ್ಬನ ಮುಖ ನೋಡದೆ ಸಹಿ ಮಾಡಿದೆ," ಎಂದರು. "ಈಗ ಸಿಕ್ಕವರ ಮುಖದಲ್ಲೆಲ್ಲ ಅವನನ್ನು ಹುಡುಕುತ್ತೇನೆ."

ಫೈಲಿನತ್ತ ನೋಡಿ ಮತ್ತೆ ತಲೆ ಎತ್ತುವಷ್ಟರಲ್ಲಿ ಕುರ್ಚಿ ಖಾಲಿ. ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು.

ತೆರೆದ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದ ಮಂಗಳೂರಿನ ಡಿಸೋಜಾ ಮೇಷ್ಟ್ರನ್ನು, ಕಪ್ಪು ಕೋಟಿನವರು ಯಾರು ಎಂದು ಕೇಳಿದೆ. ಯಾರೂ ಒಳಗೆ ಹೋಗಿಲ್ಲ ಎಂದರು. "ನಿಮ್ಮ ಗವರ್ನರ್ ಏನಾದ್ರೂ ವೀಸಾ ಮಾಡಿಸ್ಕೊಂಡು ಬಂದ್ರಾ ಮೇಡಂ? ಸಹಿ ಹಾಕಿ ಹೊರಡಿ. ಜ್ಯಾಮ್ ಶುರುವಾದ್ರೆ ಸೌತ್ ಬಿಯ ಮನೆ ಮುಟ್ಟೋದು ಕಷ್ಟ."

ನಾನು ಕಪ್ಪು ಕೋಟಿನವರ ಮಾತುಗಳನ್ನು ದಿನಚರಿಯಲ್ಲಿ ಬರೆದುಕೊಂಡು, ವಾಂಜಿರುವನ್ನು ಕರೆಸಿದೆ. ಅವಳು ಅಳಲಿಲ್ಲ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಪ್ರಬಂಧದ ಮೂರು ಕರಡುಗಳೂ ಅದರಲ್ಲಿದ್ದವು, ಮೊದಲನೆಯದರ ಕೆಳಗೆ ಅವಳ ಗುರುಗಳದೇ ಟಿಪ್ಪಣಿ, ಸಹಪಾಠಿ ಪ್ರಬಂಧ ಒಪ್ಪಿಸುವುದಕ್ಕೂ ಹಿಂದಿನ ತಾರೀಖಿನದು. ನಕಲು ಮಾಡಿದವನು ಆ ಸಹಪಾಠಿ. "ಇದನ್ನ ಯಾರೂ ಕೇಳಲೇ ಇಲ್ಲ ಮೇಡಂ," ಎಂದಳು ಇಂಗ್ಲಿಷಿನಲ್ಲಿ.

ಕೆಲವು ತಿಂಗಳ ಮೇಲೆ, ಆ ರಾಜ್ಯದ ಪತ್ರಾಗಾರದಿಂದ ನಾನು ಕೇಳಿದ್ದ ಕಾಗದಗಳ ಪ್ರತಿ ಬಂತು. ಗವರ್ನರ್ ತಂಗಿಗೆ ಬರೆದ ಪತ್ರವೊಂದರಲ್ಲಿ, ಅಧಿಕಾರಕ್ಕೆ ಬಂದ ಹೊಸದರಲ್ಲಿ ನೋಡದೆ ಗಲ್ಲಿಗೆ ಕಳಿಸಿದ ಒಬ್ಬನ ವಿಷಯವಿತ್ತು. ನಾನು ಕೇಳಿದ ಆ ಎರಡು ವಾಕ್ಯಗಳೂ ಇದ್ದವು. ದಿನಚರಿ ತೆಗೆದು ನೋಡಿದೆ. ಅವು ಅಲ್ಲೂ ಇದ್ದವು, ಕನ್ನಡದಲ್ಲಿ. ಕುರ್ಚಿಯಲ್ಲಿ ಕೂತಿದ್ದವರು ಯಾವ ಭಾಷೆಯಲ್ಲಿ ಹೇಳಿದರೋ ನೆನಪಿಲ್ಲ. ಆ ಪತ್ರವನ್ನು ಎಲ್ಲೋ ಮೊದಲೇ ಓದಿ ಮರೆತಿದ್ದೆನೇ? ಎಷ್ಟು ಹುಡುಕಿದರೂ ಎಲ್ಲೆಂದು ಸಿಕ್ಕಿಲ್ಲ. ಓದಿಲ್ಲ ಎನ್ನುವ ಧೈರ್ಯವೂ ಇಲ್ಲ.

ವಾಂಜಿರುವಿಗಿಂತ ಮುಂಚೆ ನಾನು ಸಹಿ ಹಾಕಿದ ಪತ್ರಗಳು ಕಪಾಟಿನಲ್ಲಿದ್ದವು. ಅವನ್ನು ತೆಗೆಸಿ, ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಬಂದಿದ್ದೇನೆ. ಕೆಲವು ನಂಬರುಗಳಲ್ಲಿ ಈಗ ಬೇರೆ ಯಾರೋ ಮಾತಾಡುತ್ತಾರೆ.