ಎಂಟನೆಯ ಅಧ್ಯಾಯದಲ್ಲಿ ಅವ್ವ

ನಾನು ಕಾದಂಬರಿ ಬರೆಯುತ್ತಿದ್ದೇನೆ ಎಂಬುದು ಶಾಲೆಯಲ್ಲಿ ಗೊತ್ತಾದ ದಿನದಿಂದ ನನಗೆ ಕಾದಂಬರಿ ಬರೆಯಲು ಪುರುಸೊತ್ತೇ ಇಲ್ಲದಂತಾಯಿತು. ಅದುವರೆಗೆ ನಾನು ಮಾನ್ವಿಯ ಒಂದು ಹೈಸ್ಕೂಲಿನ ಕನ್ನಡ ಟೀಚರು, ಅಷ್ಟೇ. ರಾಯಚೂರಿನ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದು, ಪಾಠ ಮಾಡಿ, ಸಂಜೆಯ ಬಸ್ಸಿಗೆ ಹೊರಡುವವಳು. ಬಸ್ಸಿನಲ್ಲಿ ಸೀಟು ಸಿಕ್ಕರೆ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೆ. ಒಂದು ದಿನ ಆ ನೋಟ್‌ಬುಕ್ಕನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಮರೆತು ತರಗತಿಗೆ ಹೋದೆ. ತಿರುಗಿ ಬಂದಾಗ ಗಣಿತದ ಮಾಸ್ತರು ಅದನ್ನು ತೆರೆದು ಉಳಿದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

"ಮೇಡಂ, ನೀವು ಸಾಹಿತಿಗಳು ಅಂತ ನಮಗ ಗೊತ್ತೇ ಇರಲಿಲ್ಲಲ್ರೀ" ಎಂದರು. ಕೈಯಿಂದ ಕಿತ್ತುಕೊಂಡೆ. ಅವರಿಗೆ ತಪ್ಪು ಮಾಡಿದೆ ಅನ್ನಿಸಲೇ ಇಲ್ಲ.

ಆ ವಾರದಿಂದ ಶುರುವಾಯಿತು. ನಿವೃತ್ತನಾಗುತ್ತಿದ್ದ ನಮ್ಮ ಜವಾನನಿಗೆ ಬಿನ್ನವತ್ತಳೆ ಬರೆಯಲು ಹೇಳಿದರು. ಅದನ್ನು ಪ್ರೀತಿಯಿಂದಲೇ ಬರೆದೆ, ಆ ಮನುಷ್ಯ ಅದಕ್ಕೆ ಯೋಗ್ಯನಾಗಿದ್ದ. ಆಮೇಲೆ ವಾರ್ಷಿಕೋತ್ಸವದ ನಿರೂಪಣೆ ಬಂತು, ಯಾರದೋ ಮಗಳ ಮದುವೆ ಕಾರ್ಡಿಗೆ ನಾಲ್ಕು ಸಾಲಿನ ಪದ್ಯ ಬಂತು, ಇಲಾಖೆಗೆ ಕಳಿಸುವ ವರದಿಗಳೆಲ್ಲ ಬಂದವು. ಕೊಡುವಾಗ ಎಲ್ಲರದೂ ಒಂದೇ ಮಾತು: "ನಿಮಗೇನ್ರೀ, ಹಂಗ ಕುಂತು ಬರದುಬಿಡ್ತೀರಿ." ಹಾಗೆ ಕೂತು ಬರೆದುಬಿಡುವುದಕ್ಕೆ ಮೂರು ವರ್ಷದಿಂದ ಒಂದು ಗಂಟೆ ಹುಡುಕುತ್ತಿದ್ದವಳು ನಾನು. ನನ್ನ ಕೈ ಊರ ನಲ್ಲಿಯಾಗಿತ್ತು. ಯಾರು ಬೇಕಾದರೂ ಬಂದು ತಿರುಗಿಸಿ ತುಂಬಿಕೊಂಡು ಹೋಗುತ್ತಿದ್ದರು.

ಮನೆಯಲ್ಲಿ ಬೇರೆ ಥರ. ನನ್ನ ಗಂಡ ರಾಯಚೂರಿನ ಒಂದು ಆಫೀಸಿನಲ್ಲಿ ಗುಮಾಸ್ತ. ಕೆಟ್ಟವರಲ್ಲ. ಬರೆಯಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಯಾರಾದರೂ ಮನೆಗೆ ಬಂದರೆ ಅವರೇ ಮೊದಲು ಹೇಳುತ್ತಿದ್ದರು, "ನಮ್ಮಾಕಿ ಕಾದಂಬರಿ ಬರಿಯಾಕತ್ತಾಳ್ರೀ, ಒಂದ್ ಟೈಂಪಾಸು." ಆಮೇಲೆ ಒಳಗೆ ತಿರುಗಿ, "ಚಹಾ ಮಾಡು" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ನಾನು ಒಲೆಯ ಮುಂದೆ ನಿಂತು ಆ ಟೈಂಪಾಸು ಅನ್ನುವ ಶಬ್ದವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದೆ. ಬೆಳಿಗ್ಗೆ ಎದ್ದು ಇಬ್ಬರು ಹೆಣ್ಣುಮಕ್ಕಳ ಡಬ್ಬಿ ಕಟ್ಟಿ, ಅತ್ತೆಯ ಗುಳಿಗೆ ತೆಗೆದಿಟ್ಟು, ರೊಟ್ಟಿ ಬಡಿದು, ಓಡಿ ಬಸ್ಸು ಹತ್ತಿ, ಅಲುಗಾಡುವ ಸೀಟಿನಲ್ಲಿ ಎರಡು ಸಾಲು ಬರೆಯುವುದಕ್ಕೆ ಟೈಂಪಾಸು ಎನ್ನುತ್ತಾರೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಕಾದಂಬರಿ ನನ್ನ ಅವ್ವನದು. ನನ್ನ ತವರೂರು ಬಾಗಲವಾಡದಲ್ಲಿ ಕಾಲುವೆ ನೀರು ಬಂದ ಮೇಲೆ ಗದ್ದೆಗಳಾದವು, ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಲು ನಮ್ಮ ಕೇರಿಯ ಹೆಂಗಸರು ಹೋದರು. ಅವ್ವ ಮೂವತ್ತು ವರ್ಷ ಬಗ್ಗಿ ಸಸಿ ಹಚ್ಚಿದಳು. ನಾವಿಬ್ಬರು ಮಕ್ಕಳೂ ಓದಿ ನೌಕರಿ ಹಿಡಿದದ್ದು ಅವಳ ಆ ಬಗ್ಗಿದ ಬೆನ್ನಿನ ಮೇಲೆ. ಎಂಟನೆಯ ಅಧ್ಯಾಯದಲ್ಲಿ ನಾನು ಸಿಕ್ಕಿಬಿದ್ದಿದ್ದೆ. ಅದನ್ನು ಒಂದೇ ಬೈಠಕಿನಲ್ಲಿ ಮುಗಿಸಬೇಕೆಂದು ಮೂರು ದಿನದ ರಜೆ ಕೇಳಿದೆ. ಮುಖ್ಯಗುರುಗಳು ಅರ್ಜಿಗೆ ಸಹಿ ಹಾಕಿದರು. ಮರುದಿನ ಕರೆದು ಅದನ್ನು ವಾಪಸು ಕೊಟ್ಟರು.

"ರಜಾ ಮುಂದಿನ ತಿಂಗಳ ತಗೋರಿ ಮೇಡಂ. ಈಗ ಒಂದ್ ಅರ್ಜೆಂಟ್ ಕೆಲಸ ಅದ."

ಒಬ್ಬ ರೈಸ್ ಮಿಲ್ಲಿನ ಸಾಹುಕಾರರು ಶಾಲೆಗೆ ಒಂದು ಕೋಣೆ ಕಟ್ಟಿಸಿಕೊಟ್ಟಿದ್ದರು. ಕೋಣೆಗೆ ತೀರಿಹೋದ ಅವರ ತಂದೆಯ ಹೆಸರು. ಉದ್ಘಾಟನೆಯ ದಿನ ಹಂಚುವ ಪುಸ್ತಿಕೆಗೆ ಆ ತಂದೆಯ ಜೀವನಚರಿತ್ರೆಯನ್ನು ಎರಡು ಪುಟದಲ್ಲಿ ನಾನು ಬರೆಯಬೇಕು. ಮುಖ್ಯಾಂಶಗಳ ಹಾಳೆಯೊಂದನ್ನು ಕೈಗಿಟ್ಟರು. ಮೂರನೆಯ ಸಾಲು ಹೀಗಿತ್ತು: ಕೂಲಿಕಾರರನ್ನು ಮನೆಯ ಮಕ್ಕಳಂತೆ ಕಂಡವರು.

ಹೆಸರು ನೋಡಿದ ಕೂಡಲೇ ಗೊತ್ತಾಯಿತು. ನಾನು ಹುಟ್ಟಿದ ಕಾಲಕ್ಕೆ ಅವ್ವ ಸಸಿ ಹಚ್ಚುತ್ತಿದ್ದದ್ದು ಈ ಮನುಷ್ಯನ ಗದ್ದೆಯಲ್ಲೇ. ನನ್ನ ಎಂಟನೆಯ ಅಧ್ಯಾಯ ಇರುವುದು ಈ ಮನುಷ್ಯನ ಬಗ್ಗೆಯೇ. ಅವನು ಕೂಲಿಯವರನ್ನು ಹೇಗೆ ಕಂಡ, ಕುಡಿಯುವ ನೀರನ್ನು ಎಷ್ಟು ಎತ್ತರದಿಂದ ಸುರಿಸಿದ ಎಂಬುದು ನಮ್ಮ ಕೇರಿಗೆಲ್ಲ ಗೊತ್ತಿತ್ತು. ಆದರೂ ನಾನು ಹಾಳೆಯನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡೆ, "ಆಯ್ತು ಸರ್" ಎಂದೆ. ಆ "ಆಯ್ತು ಸರ್" ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಆ ಭಾನುವಾರ ದೇವದುರ್ಗದಲ್ಲಿ ನಾದಿನಿಯ ಮಗುವಿನ ತೊಟ್ಟಿಲು ಕಾರ್ಯಕ್ರಮವಿತ್ತು. ನಾನು ಬರುವುದಿಲ್ಲ, ಬಾಗಲವಾಡಕ್ಕೆ ಹೋಗುತ್ತೇನೆ ಎಂದೆ. ಗಂಡನಿಗೆ ಮೊದಲು ಕೇಳಿಸಲಿಲ್ಲ, ಆಮೇಲೆ ನಂಬಿಕೆಯಾಗಲಿಲ್ಲ.

"ಅಲ್ಲಿ ಎಲ್ಲಾರೂ ಕೇಳ್ತಾರ. ನಾ ಏನ್ ಹೇಳ್ಲಿ?"

"ಬರಿಯಾಕತ್ತಾಳ ಅಂತ ಹೇಳ್ರಿ. ಊರಿಗೆಲ್ಲ ಅದನ್ನೇ ಹೇಳ್ತೀರಲ್ಲ."

"ಅದಕ್ಕೇನು ಇವತ್ತೇ ಆಗಬೇಕೇನು? ಕಾದಂಬರಿ ಏನ್ ಓಡಿ ಹೋಗ್ತದೇನು?"

"ಹದಿನೈದು ವರ್ಷ ನಿಮ್ಮ ಮಂದಿ ತೊಟ್ಟಿಲಿಗೆ, ಕುಬಸಕ್ಕೆ, ಮದುವಿಗೆ ಎಲ್ಲದಕ್ಕೂ ಬಂದೀನಿ. ಒಂದ್ ಭಾನುವಾರ ನನಗ ಬಿಡ್ರಿ."

ಅವರು ಮಕ್ಕಳನ್ನು ಕರೆದುಕೊಂಡು ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋದರು. ನಾನು ಅತ್ತೆಗೆ ಊಟ ಮುಚ್ಚಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಅವ್ವ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಜೀವನಚರಿತ್ರೆಯ ಸಂಗತಿ ಹೇಳಿದೆ. ಅವಳು ಒಮ್ಮೆ ಮೂಗಿನಲ್ಲಿ ಉಸಿರು ಬಿಟ್ಟಳು, ಅಷ್ಟೇ. "ಯವ್ವಾ, ಅವನ ಬಗ್ಗೆ ನಾನೂ ಬರದೀನಿ, ಕೇಳು" ಎಂದು ನೋಟ್‌ಬುಕ್ ತೆರೆದೆ. ಅವಳಿಗೆ ಓದು ಬರುವುದಿಲ್ಲ. ನಾನು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದು ಅದೇ ಮೊದಲು.

ಆ ಅಧ್ಯಾಯದಲ್ಲಿ ನಾಲ್ಕು ತಿಂಗಳ ನಾನು ಗದ್ದೆಯ ಬದುವಿನ ಮೇಲೆ ಮಲಗಿದ್ದೇನೆ. ಹಸಿದು ಅಳುತ್ತಿದ್ದೇನೆ. ಅವ್ವ ಹಾಲು ಕೊಟ್ಟು ಬರುತ್ತೇನೆ ಎಂದು ಕೇಳುತ್ತಾಳೆ, ಗದ್ದೆಯ ಸಾಹುಕಾರ ಸಾಲು ಮುಗಿಯುವವರೆಗೆ ಏಳಕೂಡದು ಎನ್ನುತ್ತಾನೆ. ಅವ್ವ ಬಗ್ಗಿ ಸಸಿ ಹಚ್ಚುತ್ತಾಳೆ, ಅವಳ ಕಣ್ಣೀರು ಒಂದೊಂದೇ ಹನಿಯಾಗಿ ಗದ್ದೆಯ ನೀರಿಗೆ ಬೀಳುತ್ತದೆ. ಇಡೀ ಕಾದಂಬರಿಯಲ್ಲಿ ನಾನು ಬರೆದ ಅತ್ಯುತ್ತಮ ಪುಟ ಅದು ಎಂದುಕೊಂಡಿದ್ದೆ.

ಅವ್ವನ ಕೈ ನಿಂತಿತ್ತು.

"ಇದನ್ನ ಯಾರು ಹೇಳಿದ್ರು ನಿನಗ?"

"ಅವ ಬಿಡಲಿಲ್ಲ ಅಂತ ಚಿಗವ್ವ ಹೇಳಿದ್ಲು. ಉಳದದ್ದು ನಾ ಬರದೀನಿ."

"ನಾ ಅಳತಿದ್ದೆ ಅಂತ ಆಕಿ ಹೇಳಿದ್ಲೇನು?"

"ಇಲ್ಲ."

"ಮತ್ತ ನನ್ನ ಯಾಕ ಅಳಿಸಿದಿ?"

ಅವ್ವನ ಮುಖ ಕೆಂಪಗಾಗಿತ್ತು. ಅವಳು ಹೇಳಿದ್ದು ಇಷ್ಟು: "ನಾ ಅತ್ತಿಲ್ಲ. ಕೈಯಾಗ ಸಸಿ ಕಟ್ಟು ಇತ್ತು, ಅದನ್ನ ಅವನ ಎದಿಗೆ ಒಗದೆ. ಬಿಳಿ ಅಂಗಿ ತುಂಬ ರಾಡಿ ಆತು. ನಿನ್ನ ಎತ್ಕೊಂಡು ಅಲ್ಲೇ ಬದುವಿನ ಮ್ಯಾಲ, ಅವನ ಕಣ್ಣ ಮುಂದ ಕುಂತು ಹಾಲು ಕುಡಿಸಿದೆ. ನೀ ಕುಡುದು ಮುಗಿಸೋತನ ಅವ ನಿಂತಿದ್ದ. ಬಾಯಿ ಬಿಡಲಿಲ್ಲ. ಎರಡು ವರ್ಷ ಊರಾಗ ನನಗ ಯಾರೂ ಕೂಲಿಗೆ ಕರೀಲಿಲ್ಲ. ದೇವದುರ್ಗದ ಕಡಿ ಹತ್ತಿ ಬಿಡಿಸಾಕ ಹೋದೆ. ನಿಮ್ಮಪ್ಪನೂ ನನಗೇ ಬೈದ."

"ಒಂದ್ ದಿನಾನೂ ಹೇಳಲಿಲ್ಲಲ್ಲ ಯವ್ವಾ."

"ನೀ ಕೇಳಿದೇನು? ಬಂದ ಕೂಡ್ಲೇ ಬಸ್ಸಿನ ಟೈಮ್ ನೋಡ್ತಿ."

ಅಂದು ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ನೋಟ್‌ಬುಕ್ ತೆರೆಯಲಿಲ್ಲ. ಸಿಟ್ಟು ಈಗ ನನ್ನ ಮೇಲೆಯೇ ತಿರುಗಿತ್ತು. ಗಂಡನ ಮೇಲೆ, ಮಾಸ್ತರ ಮೇಲೆ, ಶಾಲೆಯ ಮೇಲೆ ಮೂರು ವರ್ಷ ಕುದಿದವಳು ನನ್ನ ಅವ್ವನಿಗೆ ಒಂದು ಹನಿ ಸಿಟ್ಟನ್ನೂ ಕೊಟ್ಟಿರಲಿಲ್ಲ. ಬಡವಿ ಎಂದರೆ ಅಳಬೇಕು ಎಂದು ನನಗೆ ಯಾರು ಕಲಿಸಿದರು? ಓದಿದ ನಾನೇ ಅವಳನ್ನು ಮತ್ತೊಮ್ಮೆ ಬಗ್ಗಿಸಿದ್ದೆ. ಸಾಹುಕಾರನ ಹಾಳೆಯಲ್ಲಿನ ಮೂರನೆಯ ಸಾಲಿಗಿಂತ ನನ್ನ ಪುಟ ಹೆಚ್ಚು ನಿಜವೇನಲ್ಲ ಅನ್ನಿಸಿತು.

ಸೋಮವಾರ ಹಾಳೆಯನ್ನು ಮುಖ್ಯಗುರುಗಳ ಮೇಜಿನ ಮೇಲೆ ಇಟ್ಟೆ.

"ಇದನ್ನ ನಾ ಬರಿಯಂಗಿಲ್ಲ ಸರ್."

"ಯಾಕ್ರೀ?"

"ನಮ್ಮವ್ವ ಅವರ ಗದ್ದಿಯಾಗ ಕೂಲಿ ಮಾಡ್ಯಾಳ."

ಅವರ ಮುಖ ಅರಳಿತು. "ಛಲೋ ಆತಲ್ರೀ ಮೇಡಂ. ಅನುಭವದಿಂದ ಬರೀಬಹುದು ನೀವು."

"ಅನುಭವದಿಂದನೇ ಬರಿಯಾಕತ್ತೀನಿ ಸರ್. ಆದ್ರ ಅದು ನಿಮ್ಮ ಪುಸ್ತಿಕಿಗೆ ಆಗೂದಿಲ್ಲ."

ಎರಡು ದಿನದಲ್ಲಿ ನೋಟಿಸು ಬಂತು. ಶಾಲೆಯ ಕಾರ್ಯಗಳಿಗೆ ಅಸಹಕಾರ ತೋರುತ್ತಿದ್ದೀರಿ, ಸಮಜಾಯಿಷಿ ಕೊಡಿ ಎಂದಿತ್ತು. ದಾನಿಗಳ ತಂದೆಯ ಚರಿತ್ರೆ ಬರೆಯುವುದು ಕನ್ನಡ ಶಿಕ್ಷಕಿಯ ಕರ್ತವ್ಯಗಳಲ್ಲಿ ಇಲ್ಲ ಎಂದು ಒಂದೇ ಸಾಲಿನ ಉತ್ತರ ಬರೆದುಕೊಟ್ಟೆ. ಮುಂದೆ ಅವರು ಏನೂ ಮಾಡಲಿಲ್ಲ, ಶನಿವಾರ ಮಧ್ಯಾಹ್ನದ ವಿಶೇಷ ತರಗತಿಗಳನ್ನೆಲ್ಲ ನನಗೆ ಹಾಕಿದರು.

ಉದ್ಘಾಟನೆಯ ದಿನ ಗಣಿತದ ಮಾಸ್ತರು ಜೀವನಚರಿತ್ರೆ ಓದಿದರು. ಎರಡನೆಯ ವಾಕ್ಯಕ್ಕೆ ನನ್ನ ಕಿವಿ ನೆಟ್ಟಗಾಯಿತು. ಅವೆಲ್ಲ ನಾನು ಜವಾನನಿಗೆ ಬರೆದ ಬಿನ್ನವತ್ತಳೆಯ ಮಾತುಗಳು, ಹೆಸರು ಮಾತ್ರ ಬೇರೆ. "ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದವರು, ಎಲ್ಲರೂ ಹೋದ ಮೇಲೆ ದೀಪ ಆರಿಸಿದವರು" ಎಂಬುದನ್ನೂ ಬಿಟ್ಟಿರಲಿಲ್ಲ. ಯಾವ ಬಾಗಿಲು, ಯಾವ ದೀಪ ಎಂದು ಒಬ್ಬರೂ ಕೇಳಲಿಲ್ಲ. ವೇದಿಕೆಯ ಮೇಲಿದ್ದ ಮಗ ಕಣ್ಣೊರೆಸಿಕೊಂಡರು, ಮಂದಿ ಚಪ್ಪಾಳೆ ಹೊಡೆದರು. ಮೂವತ್ತು ವರ್ಷ ಗಂಟೆ ಹೊಡೆದ ಮನುಷ್ಯನಿಗೆ ಇದ್ದದ್ದು ಆ ಒಂದು ಹಾಳೆ. ಅದನ್ನೂ ತೆಗೆದು ಸತ್ತ ಸಾಹುಕಾರನಿಗೆ ಹೊದಿಸಿದ್ದರು. ನಾನು ಊಟಕ್ಕೆ ನಿಲ್ಲದೆ ಎದ್ದು ಬಂದೆ.

ಎಂಟನೆಯ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದೆ. ಬಸ್ಸಿನಲ್ಲಿ ಐದು ವಾರ ಹಿಡಿಯಿತು. ಭಾನುವಾರ ಮಧ್ಯಾಹ್ನ ಎರಡು ತಾಸು ನನ್ನವು ಎಂದು ಮನೆಯಲ್ಲಿ ಹೇಳಿಬಿಟ್ಟೆ, ಒಪ್ಪಿಗೆ ಕೇಳಲಿಲ್ಲ, ಹೇಳಿದೆ. ಆ ಹೊತ್ತಿಗೆ ಯಾರಾದರೂ ಬಂದರೆ ಗಂಡನೇ ಚಹಾ ಮಾಡುತ್ತಾರೆ. ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಾರೆ. ಮಾಡಲಿ. ದೊಡ್ಡ ಮಗಳು ಒಮ್ಮೆ, "ಅಮ್ಮಾ, ನೀ ಈಗೀಗ ಭಾಳ ಸಿಟ್ಟು ಮಾಡ್ತಿ" ಎಂದಳು. ಮೊದಲಿನಿಂದಲೂ ಇತ್ತು, ಈಗ ಕಾಣುತ್ತಿದೆ ಎಂದೆ.

ಹೊಸ ಅಧ್ಯಾಯ ಮುಗಿದ ಮೇಲೆ ಬಾಗಲವಾಡಕ್ಕೆ ಹೋಗಿ ಓದಿದೆ. ಈ ಸಲ ರಾತ್ರಿ ಅಲ್ಲೇ ಉಳಿಯುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದೆ. ಅವ್ವ ಗೋಡೆಗೆ ಒರಗಿ ಕೊನೆಯವರೆಗೆ ಕೇಳಿದಳು. ನನಗೆ ಅದರ ಹಿಂದೆಯೇ ಬರೆದಿದ್ದ ಒಂಬತ್ತನೆಯದನ್ನೂ ಓದುವ ಹುಮ್ಮಸ್ಸು ಬಂತು, ಓದಿದೆ. ಅದರಲ್ಲಿ ಅಪ್ಪ ಬರುತ್ತಾನೆ. ಅವ್ವನಿಗೆ ಕೂಲಿ ತಪ್ಪಿದ ದಿನಗಳಲ್ಲಿ ಅವನು ಅವಳ ಪಕ್ಕ ನಿಂತು ಧೈರ್ಯ ಹೇಳುತ್ತಾನೆ.

ಅವ್ವ ಕೈ ಎತ್ತಿ ನಿಲ್ಲಿಸಿದಳು. "ಇವನನ್ನ ಯಾಕ ಇಷ್ಟು ಛಲೋ ಮನಷ್ಯಾ ಮಾಡಿದಿ? ನನಗೇ ಬೈದ ಅಂತ ಅವತ್ತ ಹೇಳಿದ್ದೆನಲ್ಲ. ಹಿಂಗ ಕುಂಡ್ರು, ಹೇಳ್ತೀನಿ."

ನಾನು ಪೆನ್ನು ತೆಗೆದು ಒಂಬತ್ತನೆಯ ಅಧ್ಯಾಯದ ಮೇಲೆ ಅಡ್ಡಗೆರೆ ಎಳೆದೆ.