ರಹಿಮಾ ಬೀ ಹೊಲಿದ ಬೂರುಗದ ಕೋಟು

ಈಗ ತುಮಕೂರಿನ ಯಾವ ಬಟ್ಟೆ ಅಂಗಡಿಗೆ ಹೋದ್ರೂ ದಿಂಬಿನ ಥರ ಉಬ್ಬಿರೋ ಜಾಕೆಟ್ಟು ನೇತಾಕಿರ್ತಾರೆ. ಅದನ್ನ ಹಾಕ್ಕೊಂಡು ಹುಡುಗರು ಏಪ್ರಿಲ್ ಬಿಸಿಲಲ್ಲೂ ಬೈಕ್ ಓಡಿಸ್ತಾರೆ. ಇವರ ತಲೆ ನೆಟ್ಟಗಿದೆಯಾ ಅಂತ ನಾನು ಕೇಳೋಕೆ ಹೋಗಲ್ಲ. ಆದ್ರೆ ಅಂಗಡಿಯವನು "ಮೇಡಂ, ಒಳಗೆ ಟೊಳ್ಳು ನೂಲು, ಗಾಳಿ ಹಿಡಿದಿಟ್ಕೊಳುತ್ತೆ, ಫಾರಿನ್ ಟೆಕ್ನಾಲಜಿ" ಅಂತ ಪಾಠ ಶುರು ಮಾಡಿದ್ರೆ ಮಾತ್ರ ಮೈ ಉರಿಯುತ್ತೆ. ಲೋ ಮಾರಾಯ, ಆ ಪಾಠ ನಾನು 1978ರಲ್ಲೇ ಮಂಡಿಪೇಟೆ ಗಲ್ಲೀಲಿ ಕಲ್ತಿದ್ದೀನಿ ಕಣೋ. ಹೇಳಿಕೊಟ್ಟೋರು ಹಾಸಿಗೆ ಹೊಲಿಯೋ ಹೆಂಗಸು.

ಅವರ ಹೆಸರು ರಹಿಮಾ ಬೀ. ನಾವೆಲ್ಲಾ ರಹಿಮಮ್ಮ ಅಂತಿದ್ವಿ. ಹುಟ್ಟಿದ್ದು ಕುಣಿಗಲ್ಲು. ಅವರಪ್ಪ ಅಲ್ಲಿ ಕುದುರೆಗಳ ಮೈಗೆ ಹಾಕೋ ದಪ್ಪ ಹೊದಿಕೆ ಹೊಲೀತಿದ್ರಂತೆ. ಮದುವೆ ಆಗಿ ತುಮಕೂರಿಗೆ ಬಂದ್ರು. ಗಂಡ ಗುಲಾಮ್ ನಬಿ ಹತ್ತಿ ಹಿಂಜೋ ಕೆಲಸದೋರು. ಆಳುದ್ದದ ಬಿಲ್ಲು ಹಿಡಿದು ಅದರ ಹೆದೆ ಮೀಟ್ತಾ ಇದ್ರೆ ಗಟ್ಟಿ ಹತ್ತಿಯೆಲ್ಲಾ ಬಿಡಿಸ್ಕೊಂಡು ಮೇಲಕ್ಕೆ ಹಾರೋದು. ಅವರು ತೀರಿಕೊಂಡಾಗ ರಹಿಮಮ್ಮಂಗೆ ಮೂವತ್ತಾರು ವರ್ಷ. ನಾಲ್ಕು ತಿಂಗಳು ಹತ್ತು ದಿನ, ಗಂಡ ಸತ್ತೋರು ಹಿಡಿಯೋ ಇದ್ದತ್ ಅಂತ ಮನೆಯೊಳಗೆ ಕೂತ್ರು. ಮುಗಿದ ಮಾರನೇ ದಿನ ಗೋಡೆ ಮೇಲಿದ್ದ ಬಿಲ್ಲು ಕೆಳಗಿಳಿಸಿದ್ರು. "ಹೆಂಗಸರು ಬಿಲ್ಲು ಮುಟ್ಟಬಾರದು" ಅಂತ ಯಾರೋ ಬುದ್ಧಿ ಹೇಳೋಕೆ ಬಂದ್ರಂತೆ. "ಸರಿ, ನಾನು ಮುಟ್ಟಲ್ಲ, ನೀವೇ ಬಂದು ದಿನಾ ಹಿಂಜಿ ಕೊಟ್ಟೋಗಿ" ಅಂದ್ರಂತೆ. ಬಂದೋರು ಬಂದ ದಾರೀಲೇ ವಾಪಸ್ ಹೋದ್ರು.

ಬಾಯಿ ಅಂದ್ರೆ ಬಾಯಿ ಅವರದ್ದು. ನಾನು ಹಾಸ್ಟೆಲ್ ಸೇರಿದಾಗ ಹಾಸಿಗೆ ತಗೊಳ್ಳೋಕೆ ಹೋಗಿ "ಸ್ವಲ್ಪ ಮೆತ್ತಗಿರಲಿ" ಅಂದಿದ್ದಕ್ಕೆ "ಓದೋಕೆ ಬಂದಿದೀಯಾ, ಮಲಗೋಕಾ?" ಅಂದಿದ್ರು. ನನಗೂ ಬಾಯಿ ಕಮ್ಮಿ ಇರಲಿಲ್ಲ, ಜಗಳ ಆಡಿದೆ. ಅವತ್ತಿಂದ ನಾವಿಬ್ರೂ ದೋಸ್ತು.

ನಾನು ರಂಗಲಕ್ಷ್ಮಿ, ಗುಬ್ಬಿ ಪಕ್ಕದ ಹಳ್ಳಿಯವಳು. ತುಮಕೂರಿನ ಕಾಲೇಜಲ್ಲಿ ಎರಡನೇ ಬಿ.ಎ., ಜೊತೆಗೆ ಎನ್‌ಸಿಸಿ. ಹಿಮಾಲಯದಲ್ಲಿ ಒಂದು ತಿಂಗಳು ಬೆಟ್ಟ ಹತ್ತೋ ತರಬೇತಿಗೆ ಹುಡುಗೀರನ್ನ ಆರಿಸ್ತಿದ್ರು, ಜಿಲ್ಲೆಗೆ ಒಬ್ಬಳು ಅಂತ ನಾನು ಆಯ್ಕೆ ಆದೆ. ಖುಷೀಲಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಾಗದದಲ್ಲಿ ಎರಡು ವಿಷಯ ಇತ್ತು. ಒಂದು, ತಂದೆ ಒಪ್ಪಿಗೆ ಪತ್ರಕ್ಕೆ ಏಪ್ರಿಲ್ ಮುಗಿಯೋದ್ರೊಳಗೆ ರುಜು ಹಾಕಬೇಕು. ಇನ್ನೊಂದು, ಅಲ್ಲಿರೋ ಹಿಮದ ಕೋಟು ಎಲ್ಲರಿಗೂ ಸಾಲದು, ಆದಷ್ಟೂ ಸ್ವಂತದ್ದು ತರಬೇಕು.

ನಮ್ಮಪ್ಪ ದೊಡ್ಡರಂಗಯ್ಯ ಎರಡನೇ ವಿಷಯಕ್ಕೆ ಅಂಟಿಕೊಂಡ. ನಾನು ಏಳು ವರ್ಷದವಳಿದ್ದಾಗ ನನಗೆ ನ್ಯುಮೋನಿಯಾ ಆಗಿ, ಅಪ್ಪ ಕಂಬಳೀಲಿ ಸುತ್ತಿ ಲಾರಿ ಹತ್ತಿಸಿಕೊಂಡು ತುಮಕೂರು ಆಸ್ಪತ್ರೆಗೆ ತಂದಿದ್ದ. ಡಾಕ್ಟ್ರು ಕೈ ಚೆಲ್ಲಿದ್ರಂತೆ. ಅದು ಹೆಂಗೋ ಬದುಕ್ಕೊಂಡೆ. ಆಮೇಲೆ ಹನ್ನೆರಡು ವರ್ಷ ನಾನು ಒಂದು ಸಲ ಸೀನಿದ್ರೆ ಸಾಕು, ಅಪ್ಪ ಊಟ ಬಿಟ್ಟು ಎದ್ದು ಬರೋನು. ಅಂಥೋನಿಗೆ ಹಿಮಾಲಯ ಅಂದ್ರೆ ಹೆಂಗಿರುತ್ತೆ!

"ಎದೆ ಬಲ ಇಲ್ದಿರೋ ಹುಡುಗಿ ನೀನು. ಐಸ್ ಮೇಲೆ ಕಳಿಸಿ ನಾನಿಲ್ಲಿ ಉಣ್ಣಾನಾ? ಆಗಾಕಿಲ್ಲ, ಬುಡು" ಅಂದ.

ನಾನು ಅತ್ತೆ. ಊಟ ಬಿಟ್ಟೆ. ಕೊನೆಗೆ ಅಪ್ಪನ್ನ ಎಳ್ಕೊಂಡು ರಹಿಮಮ್ಮನ ಅಂಗಡಿಗೆ ಹೋದೆ. ಹಿಮದ ಕೋಟಿಗೆ ಹಕ್ಕಿ ಪುಕ್ಕ ತುಂಬ್ತಾರಂತೆ ಅಂದೆ.

"ಕೋಳಿ ಪುಕ್ಕ ತುಂಬಿ ಕಳಿಸಿದ್ರೆ ಹಿಮಾಲಯದ ನಾಯಿಗಳೆಲ್ಲಾ ನಿನ್ನ ಹಿಂದೆ ಬರ್ತವೆ" ಅಂದ್ರು ರಹಿಮಮ್ಮ. "ಹತ್ತೀಲಿ ಹೊಲೀತೀನಿ. ಯಾವ ಚಳಿ ಬರುತ್ತೋ ಬರಲಿ."

"ಇಲ್ಲಿ ಬಿಸಿಲಲ್ಲಿ ಕುಂತು ಅಲ್ಲಿನ ಚಳಿ ನಿಮಗೆಂಗೆ ಗೊತ್ತಾಗ್ತದೆ ಬೀಬಮ್ಮ?" ಅಂತ ಅಪ್ಪ ಕೇಳಿದ.

"ಗೌಡ್ರೇ, ಚಳಿಗೇನು ಬರಗಾಲ? ಐಸ್ ಫ್ಯಾಕ್ಟರಿ ಅಬ್ದುಲ್ ಖಾದರ್ ನಮ್ಮೋರೇ. ಕೋಟು ಹಾಕಿ ಇವಳನ್ನ ಅವರ ಐಸ್ ರೂಮಲ್ಲಿ ಕೂರಿಸಿ ನೋಡಿ. ನಡುಗಿದ್ರೆ ಕಳಿಸಬೇಡಿ."

ಅಪ್ಪ ಆ ಮಾತನ್ನ ಗಟ್ಟಿಯಾಗಿ ಹಿಡ್ಕೊಂಡ. "ಐಸ್ ರೂಮಲ್ಲಿ ಒಂದು ಗಂಟೆ. ಚಳಿ ಆಗ್ಲಿಲ್ಲ ಅಂದ್ರೆ ರುಜು. ಆಯ್ತು ಅಂದ್ರೆ ಈ ಮಾತು ಇನ್ನು ಎತ್ತಂಗಿಲ್ಲ" ಅಂದ.

ಮೊದಲನೇ ಕೋಟು ನೋಡಬೇಕಿತ್ತು ನೀವು. ಹತ್ತಿ ಜಾಸ್ತಿ ಆದಷ್ಟೂ ಬೆಚ್ಚಗೆ ಅಂತ ರಹಿಮಮ್ಮ ನಾಲ್ಕು ಕೆಜಿ ಹತ್ತಿ ಅದುಮಿ ಅದುಮಿ ತುಂಬಿ, ರಜಾಯಿ ಹೊಲಿದಂಗೆ ಎರಡೆರಡು ಬೆರಳಿಗೆ ಒಂದು ಹೊಲಿಗೆ ಹಾಕಿದ್ರು. ಹಿಮ ಬಿದ್ರೆ ಒದ್ದೆ ಆಗಬಾರದು ಅಂತ ಮೇಲೆ ರೈನ್‌ಕೋಟಿನ ರಬ್ಬರ್ ಬಟ್ಟೆ. ಹಾಕ್ಕೊಂಡ್ರೆ ಕೈ ಮಡಚೋಕಾಗ್ತಿರಲಿಲ್ಲ. ಹೆಂಗೆ ಕೂರುತ್ತೆ ನೋಡೋಣ ಅಂತ ಅದನ್ನೇ ಹಾಕ್ಕೊಂಡು ಏಪ್ರಿಲ್ ಬಿಸಿಲಲ್ಲಿ ಫ್ಯಾಕ್ಟರಿ ತನಕ ನಡೆದೆ. ಮಂಡಿಪೇಟೆ ಮಂದಿ ಕೆಲಸ ಬಿಟ್ಟು ನೋಡಿದ್ರು. ಅಪ್ಪ ಹತ್ತು ಮಾರು ಹಿಂದೆ, ಯಾರ ಮಗಳೋ ಅನ್ನೋ ಥರ ಬರ್ತಿದ್ದ.

ಐಸ್ ರೂಮಿಗೆ ಹೋಗಿ ಕೂತೆ, ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹತ್ತು ನಿಮಿಷಕ್ಕೆ ಬೆವರೆಲ್ಲಾ ತಣ್ಣೀರಾಗಿ ಬೆನ್ನಿಗೆ ಅಂಟ್ಕೊಂತು. ಹೊಲಿಗೆ ಹೋಗಿರೋ ಕಡೆಯೆಲ್ಲಾ ಯಾರೋ ತಣ್ಣನೆ ತಂತಿ ಎಳೆದಂಗೆ. ಹಲ್ಲು ಕಟಕಟ ಅನ್ನೋಕೆ ಶುರುವಾಯ್ತು. ಕಾಲು ಗಂಟೆಗೆ ಓಡಿ ಆಚೆ ಬಂದೆ.

"ಆಯ್ತಲ್ಲ? ನಡಿ ಊರಿಗೆ" ಅಂದ ಅಪ್ಪ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಬದುಕಿಕೊಂಡೆ ಅನ್ನೋ ಕಳೆ ಇತ್ತು. ಅದು ಇನ್ನೂ ಸಿಟ್ಟು ತರಿಸ್ತು ನನಗೆ.

ರಹಿಮಮ್ಮ ಕೋಟು ಬಿಚ್ಚಿಸಿ ಒಳಗೆ ಕೈ ಹಾಕಿದ್ರು. ಪೂರ್ತಿ ಒದ್ದೆ. ಪಟಾರ್ ಅಂತ ಹಣೆ ಚಚ್ಚಿಕೊಂಡ್ರು. "ಯಾ ಅಲ್ಲಾ! ಕುದುರೆ ಹೊದಿಕೆ ಹೊಲಿಯೋನ ಮಗಳು ನಾನು! ಬೆವತ ಕುದುರೆ ಮೇಲೆ ರಬ್ಬರ್ ಹಾಕಿದ್ರೆ ಕುದುರೆಗೆ ಶೀತ ಆಗುತ್ತೆ ಅಂತ ನಮ್ಮ ಅಬ್ಬಾ ದಿನಾ ಬಡ್ಕೊತಿದ್ರು. ಬೆವರು ಆಚೆ ಹೋಗೋಕೆ ದಾರಿ ಬೇಡ್ವಾ?"

ಅಷ್ಟರಲ್ಲಿ ಖಾದರ್ ಸಾಬರು ಮರದ ಪುಡೀಲಿ ಹೂತಿಟ್ಟ ಐಸ್ ಗಡ್ಡೆ ಹೊರಗೆ ತೆಗೀತಾ ಆಳಿಗೆ ಬೈತಿದ್ರು: "ಪುಡಿ ತುಳಿದು ಗಟ್ಟಿ ಮಾಡಬೇಡ ಅಂತ ಎಷ್ಟು ಸಲ ಹೇಳ್ಲಿ? ಹಗುರಾಗಿ ಸುರಿ. ಅದುಮಿದ್ರೆ ಐಸ್ ಕರಗಿ ಹೋಗ್ತದೆ."

ರಹಿಮಮ್ಮ ಹಂಗೇ ನಿಂತುಬಿಟ್ರು. ಬಗ್ಗಿ ಒಂದು ಹಿಡಿ ಪುಡಿ ತಗೊಂಡು ಹಿಸುಕಿದ್ರು, ಬಿಟ್ರು, ಮತ್ತೆ ಹಿಸುಕಿದ್ರು. "ಪುಡಿ ಅಷ್ಟೇ ಇದೆ. ಅದುಮಿದ್ರೆ ಕೆಲಸ ಮಾಡಲ್ಲ, ಸಡಿಲ ಬಿಟ್ರೆ ಮಾಡುತ್ತೆ. ಅಂದ್ರೆ ತಡೆಯೋದು ಪುಡಿ ಅಲ್ಲ, ಮಧ್ಯೆ ಸಿಕ್ಕಾಕೊಂಡಿರೋ ಗಾಳಿ. ನಾನು ಮುಠ್ಠಾಳಿ, ನಾಲ್ಕು ಕೆಜಿ ತುರುಕಿ ಗಾಳೀನೆಲ್ಲಾ ಆಚೆಗೆ ಕಳಿಸಿದೀನಿ!"

ಆಮೇಲೆ ಅಪ್ಪನ ಕಡೆ ತಿರುಗಿ ಕೈ ಜೋಡಿಸಿದ್ರು. "ಗೌಡ್ರೇ, ಸೋತಿದ್ದು ನನ್ನ ಕೈ, ಹುಡುಗಿ ಅಲ್ಲ. ಇನ್ನೊಂದು ಸಲ. ನಿಮ್ಮ ತೋಟದಲ್ಲಿ ಬೂರುಗದ ಮರ ಇದೆಯಾ?"

"ಬದೂಲಿ ಐತೆ. ಯಾಕೆ?"

"ಒಂದು ಮೂಟೆ ಕಾಯಿ ತಂದ್ಕೊಡಿ. ಬೂರುಗದ ಹತ್ತಿ ಅದುಮಿದ್ರೂ ಮತ್ತೆ ಎದ್ದು ಕೂರುತ್ತೆ, ನೀರು ಕುಡಿಯಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ನಮ್ಮಪ್ಪ. ಆದ್ರೆ ಕೈ ಜೋಡಿಸಿ ಕೇಳಿದ ಹೆಂಗಸಿಗೆ ಇಲ್ಲ ಅನ್ನೋಕಾಗ್ಲಿಲ್ಲ. "ತರ್ತೀನಿ. ಆದ್ರೆ ಈ ಸಲ ಇವಳು ಕೂರಂಗಿಲ್ಲ. ಹೋಗೋ ಆಸೆಗೆ ಸತ್ರೂ ಚಳಿ ಇಲ್ಲ ಅಂತಾಳೆ. ನಾನೇ ಕೂರ್ತೀನಿ" ಅಂದ. ಮೂರನೇ ದಿನ ಬಸ್ಸಿನ ಟಾಪ್ ಮೇಲೆ ಮೂಟೆ ಬಂತು. ಒಂದಲ್ಲ, ಎರಡು.

ಎಂಟು ದಿನ ನಾನು ಕಾಲೇಜು ಮುಗಿಸಿ ನೇರ ರಹಿಮಮ್ಮನ ಅಂಗಡಿಗೇ ಹೋಗ್ತಿದ್ದೆ. ಕಾಯಿ ಒಡೆದು, ಕೋಲಲ್ಲಿ ಬಡಿದು ಬೀಜ ಉದುರಿಸೋದು ನನ್ನ ಕೆಲಸ. ಆ ಹತ್ತಿ ಮೂಗು, ಕಿವಿ, ಊಟದ ಡಬ್ಬಿ ಎಲ್ಲಾ ಕಡೆ. ಸಾಧಾರಣ ಬಟ್ಟೇಲಿ ತುಂಬಿದ್ರೆ ನುಣುಚಿ ಆಚೆ ಬರೋದು. ಹಾಗಾಗಿ ಹೊರಗಡೆಗೆ ಕೊಡೆ ಬಟ್ಟೆ ತಂದ್ರು. ಅದು ಒತ್ತಾದ ನೇಯ್ಗೆ, ಹತ್ತಿ ಆಚೆ ಬರಲ್ಲ, ಗಾಳಿ ಒಳಗೆ ನುಗ್ಗಲ್ಲ, ಆದ್ರೂ ಬೆವರಿನ ಹಬೆ ಹೋಗುತ್ತೆ. ಅದನ್ನ ಹೆಂಗೆ ಪರೀಕ್ಷೆ ಮಾಡಿದ್ರು ಗೊತ್ತಾ? ಬಿಸಿ ಟೀ ಲೋಟದ ಮೇಲೆ ಬಟ್ಟೆ ಮುಚ್ಚಿ, ಮೇಲೆ ಕೈ ಹಿಡಿದು ನೋಡಿದ್ರು. ಹೊಲಿಗೇಲಿ ಚಳಿ ನುಗ್ಗುತ್ತಲ್ಲ, ಅದಕ್ಕೆ ಒಂದು ದಪ್ಪ ಪದರ ಬಿಟ್ಟು ಎರಡು ತೆಳು ಪದರ ಮಾಡಿದ್ರು. ಒಂದರ ಹೊಲಿಗೆ ಇರೋ ಜಾಗಕ್ಕೆ ಇನ್ನೊಂದರ ಉಬ್ಬು ಬರೋ ಹಂಗೆ ಜೋಡಿಸಿದ್ರು. ಕತ್ತಿಗೆ, ಮುಂಗೈಗೆ ಹಳೇ ಸ್ವೆಟರಿನ ಪಟ್ಟಿ. ಗುಂಡಿ ಸಾಲಿನ ಹಿಂದೆ ಇನ್ನೊಂದು ಮಡಿಕೆ. ಕಂಕುಳಲ್ಲಿ ಮಾತ್ರ ಎರಡು ಪದರ ಹಾಕಿದ್ರೆ ಕೈ ಎತ್ತೋಕಾಗಲ್ಲ ಅಂತ ಒಂದೇ ಪದರ ಬಿಟ್ರು. ಅದೊಂದು ಅವರ ಮನಸ್ಸಿಗೆ ಹಿಡಿಸಲಿಲ್ಲ, ಮೂರು ಸಲ ಬಿಚ್ಚಿ ಮೂರು ಸಲ ಹೊಲಿದ್ರು.

ತೂಗಿದ್ರೆ ಒಂದೂಕಾಲು ಕೆಜಿ. ಕಪ್ಪಗೆ ಉಬ್ಬಿಕೊಂಡು ಕರಡಿ ಮರಿ ಇದ್ದಂಗಿತ್ತು.

ಏಪ್ರಿಲ್ ಇಪ್ಪತ್ತೆಂಟು ಶುಕ್ರವಾರ. ಅಪ್ಪ ಬೆಳಗಿನ ಜಾವ ತೋಟಕ್ಕೆ ನೀರು ಕಟ್ಟಿ, ಮೊದಲನೇ ಬಸ್ಸಿಗೆ ಬಂದಿದ್ದ. ಕೋಟು ಹಾಕ್ಕೊಂಡ, ಕಾಲಿಗೆ ಕಂಬಳಿ ಸುತ್ಕೊಂಡ. "ಚಳಿ ಆದ ತಕ್ಷಣ ಬಾಗಿಲು ತಟ್ತೀನಿ. ನಾನು ತಟ್ಟೋ ತನಕ ಯಾರೂ ತೆಗೀಬ್ಯಾಡಿ, ಮೋಸ ಆಗ್ತದೆ" ಅಂದು ಒಳಗೆ ಹೋದ. ಖಾದರ್ ಸಾಬರು ಬಾಗಿಲು ಎಳ್ಕೊಂಡು ಹೊರಗಿಂದ ಚಿಲಕ ಹಾಕಿದ್ರು.

ಹತ್ತು ನಿಮಿಷ ಆಯ್ತು. ತಟ್ಟಲಿಲ್ಲ. ಕಾಲು ಗಂಟೆ. ಇಲ್ಲ. ಅರ್ಧ ಗಂಟೆ ಆದಾಗ ರಹಿಮಮ್ಮ ಎಲೆ ಅಡಿಕೆ ಚೀಲ ಬಿಚ್ಚಿ "ನೋಡಿದ್ಯಾ?" ಅನ್ನೋ ಥರ ಹುಬ್ಬು ಹಾರಿಸಿದ್ರು. ನಾನು ಮನಸ್ಸಲ್ಲೇ ರೈಲು ಹತ್ತಿ ಕೂತಿದ್ದೆ. ಒಂದು ಗಂಟೆ ಆಯ್ತು. ಗೆದ್ದೆವು ಅಂತ ನಾನೇ ಹೋಗಿ ಬಾಗಿಲು ಬಡಿದೆ. "ಅಪ್ಪಾ, ಸಾಕು ಬಾ!" ಉತ್ತರ ಇಲ್ಲ. ಮತ್ತೆ ಬಡಿದೆ. ಇಲ್ಲ.

"ಒಳಗೆ ಕೇಳಲ್ಲಮ್ಮ" ಅಂದ್ರು ಖಾದರ್ ಸಾಬರು ಸಮಾಧಾನವಾಗಿ. "ಬಾಗಿಲು ಮುಕ್ಕಾಲು ಅಡಿ ದಪ್ಪ ಇದೆ, ಮಧ್ಯೆ ಪೂರ್ತಿ ಮರದ ಪುಡಿ. ಚಳಿ ಹೋಗಲ್ಲ, ಸದ್ದೂ ಹೋಗಲ್ಲ."

ರಹಿಮಮ್ಮನ ಕೈಯಿಂದ ಎಲೆ ಕೆಳಗೆ ಬಿತ್ತು. "ಹಂಗಾದ್ರೆ... ಅವರು ಒಳಗಿಂದ ತಟ್ಟಿದ್ರೂ ನಮಗೆ ಕೇಳಿಸಿರಲ್ವಲ್ಲ!"

ಒಂದು ಗಂಟೆಯಿಂದ ನಾವು ಆಚೆ ಕೂತು ಹಲ್ಲು ಕಿರಿತಾ ಇದ್ದೀವಿ, ಅಪ್ಪ ಒಳಗೆ ಬಾಗಿಲು ಬಡೀತಾ ಇದ್ದಿದ್ರೆ? ನಾನು ಕಿರುಚಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿರಬೇಕು. ಚಿಲಕ ಕೈಗೆ ಸಿಗಲಿಲ್ಲ, ಖಾದರ್ ಸಾಬರು ನನ್ನ ಪಕ್ಕಕ್ಕೆ ತಳ್ಳಿ ಎಳೆದ್ರು. ರಹಿಮಮ್ಮ ನನ್ನ ತೋಳು ಹಿಡಿದುಕೊಂಡು "ಯಾ ಅಲ್ಲಾ, ನನ್ನ ಕೋಟಿಗೆ ಬೆಂಕಿ ಬೀಳ, ಗೌಡ್ರು ಬದುಕಿರಲಿ" ಅಂತಿದ್ರು.

ಬಿಳೀ ಹೊಗೆ ಆಚೆ ಬಂತು. ಅಪ್ಪ ಗೋಣಿಚೀಲದ ಮೇಲೆ, ಗೋಡೆಗೆ ಒರಗಿ, ತಲೆ ಎದೆ ಮೇಲೆ ಬಿಟ್ಕೊಂಡು ಕೂತಿದ್ದ. ಅಲ್ಲಾಡ್ತಿರಲಿಲ್ಲ. ನಾನು ಹೋಗಿ ಅವನ ಮುಖ ಹಿಡಿದೆ. ಬಿಸಿ ಇತ್ತು.

ಆಗ ಕೇಳಿಸ್ತು. ಗೊರ್ರ್... ಗೊರ್ರ್... ಅಯ್ಯೋ ಶಿವನೇ! ಗೊರಕೆ!

ಹೋದ ಜೀವ ಬಂದಂಗಾಯ್ತು. ಅಲ್ಲೇ ಐಸ್ ಮೇಲೆ ಕುಸಿದು ಕೂತು ಹೋ ಅಂತ ಅತ್ತೆ. ಸಿಟ್ಟಿಗೆ ಅಪ್ಪನ ಎದೆಗೆ ಗುದ್ದಿದೆ. ಮುಷ್ಟಿ ಮೆತ್ತಗೆ ಒಳಗೆ ಹೋಯ್ತು, ಕೋಟು ಮತ್ತೆ ಉಬ್ಬಿಕೊಂತು. ಅಪ್ಪ ಕಣ್ಣು ಬಿಟ್ಟು "ಏನ್ಲೇ, ಇಷ್ಟ್ ಬೇಗ ಯಾಕ್ ತೆಗದ್ರಿ? ಬೆಚ್ಚಗೆ ಕಣ್ಣು ಹತ್ತಿತ್ತು" ಅಂದ. ರಹಿಮಮ್ಮ ಬಾಗಿಲಲ್ಲೇ ಕೂತುಬಿಟ್ಟಿದ್ರು. ನಗ್ತಿದ್ರೋ ಅಳ್ತಿದ್ರೋ, ಸೆರಗು ಬಾಯಿಗೆ ಅಡ್ಡ ಇತ್ತು.

ಅಪ್ಪ ಆಚೆ ಬಂದು ಖಾದರ್ ಸಾಬರ ಪೆನ್ನು ಇಸ್ಕೊಂಡು ರುಜು ಹಾಕ್ದ. ಪೆನ್ನು ವಾಪಸ್ ಕೊಡೋವಾಗ ಅವನ ಕೈ ನಡುಗ್ತಿತ್ತು. "ಚಳಿಗಲ್ಲ" ಅಂದ, ಯಾರೂ ಕೇಳದೇ ಇದ್ರೂ.

ನಾನು ಹೋದೆ. ಹದಿನಾಲ್ಕು ಸಾವಿರ ಅಡಿ ಹತ್ತಿದೆ. ಜೊತೆಯವರಿಗೆ ಅಲ್ಲಿ ಕೊಟ್ಟ ಕೋಟಿಗಿಂತ ನಂದೇ ಬೆಚ್ಚಗಿತ್ತು ಅಂತ ಸುಳ್ಳು ಹೇಳಲ್ಲ, ಆದ್ರೆ ಎದೆಗೆ ಒಂದು ದಿನಾನೂ ಶೀತ ತಾಗಲಿಲ್ಲ. ಅಲ್ಲಿಂದ ರಹಿಮಮ್ಮಂಗೆ ಒಂದು ಕಾರ್ಡು ಹಾಕಿದೆ: "ಆರಾಮಾಗಿದೀನಿ. ಎಲ್ಲೂ ಚಳಿ ಇಲ್ಲ. ಬಲಗಡೆ ಕಂಕುಳಲ್ಲಿ ಮಾತ್ರ ಒಂಚೂರು." ಅವರಿಗೆ ಓದೋಕೆ ಬರಲ್ಲ, ಖಾದರ್ ಸಾಬರು ಓದಿ ಹೇಳಿದ್ರಂತೆ. ಅಂಗಡಿಗೆ ಬಂದೋರಿಗೆಲ್ಲಾ ಆ ಕಾರ್ಡು ಓದಿಸಿದ್ರಂತೆ, ಕೊನೇ ಸಾಲು ಬಿಟ್ಟು.

ಜೂನ್ ಮೊದಲನೇ ವಾರ ತುಮಕೂರು ಸ್ಟೇಷನ್ನಲ್ಲಿ ಇಳಿದೆ. ಅಪ್ಪ ಒಂದು ಕಂಬದ ಹತ್ರ ನಿಂತಿದ್ದ. ನನ್ನ ನೋಡಿ ಹೆಗಲ ಮೇಲಿನ ಟವಲಿಂದ ಮುಖ ಒರೆಸ್ಕೊಂಡ. ಅವನಿಗಿಂತ ಮುಂಚೆ ರಹಿಮಮ್ಮ ಜನರನ್ನ ತಳ್ಕೊಂಡು ಬಂದ್ರು. ಚೆನ್ನಾಗಿದೀಯಾ ಅನ್ನಲಿಲ್ಲ, ಬೆಟ್ಟ ಹೆಂಗಿತ್ತು ಅನ್ನಲಿಲ್ಲ. ಪ್ಲಾಟ್‌ಫಾರಮ್ಮಿನ ಮಧ್ಯದಲ್ಲೇ ನನ್ನ ಬಲಗೈ ಹಿಡಿದು ಮೇಲಕ್ಕೆತ್ತಿ, ಕಂಕುಳ ಹತ್ರ ಕೈ ಇಟ್ಟು, "ಇಲ್ಲೇನಾ? ಇಲ್ಲೇನಾ? ಎಷ್ಟಗಲ? ಹೇಳೇ, ಕಾರ್ಡು ಬಂದಾಗಿಂದ ನಾನು ನಿದ್ದೆ ಮಾಡಿಲ್ಲ!" ಅಂದ್ರು.

"ಚಳಿ ನುಗ್ಗಿದ್ದು ಕೋಟಿನ ಕಂಕುಳಲ್ಲಿ ಅಲ್ವಾ ರಹಿಮಮ್ಮ? ನನ್ನ ಕಂಕುಳ ಯಾಕೆ ನೋಡ್ತೀರಾ? ಕೋಟು ಬ್ಯಾಗಲ್ಲಿದೆ" ಅಂತ ನಗೋಕೆ ಹೋದೆ.

"ಕೋಟು ಸಾಯ್ಲಿ" ಅಂದ್ರು. ಕೈ ಮಾತ್ರ ಬಿಡಲಿಲ್ಲ.