ಕಂಡರೂ ಕಾಣದ ಹಾಗೆ

ಬಾರದ ಗಿರಾಕಿಯನ್ನು ಹುಡುಕಿಕೊಂಡು ಯಾವ ವ್ಯಾಪಾರಿಯೂ ಮೆಟ್ಟಿಲು ಹತ್ತುವುದಿಲ್ಲ. ತಾರೀಕಕ್ಕನ ಉದ್ಯೋಗವೇ ಅದು. ಎಚ್‌ಐವಿ ಇದ್ದು, ಸೂಜಿಯ ನಶೆಯನ್ನೂ ಬಿಡಲಾಗದವರು ತಿಂಗಳ ಮಾತ್ರೆಗೆ ಆಸ್ಪತ್ರೆಗೆ ಬಾರದಿದ್ದರೆ, ತಾರೀಕು ನೆನಪಿಸಿ ಎಬ್ಬಿಸಿಕೊಂಡು ಬರಬೇಕು. ಹಾಗಾಗಿ ಆ ಹೆಸರು. ಅವಳೂ ಹದಿಮೂರು ವರ್ಷದಿಂದ ಅದೇ ಮಾತ್ರೆ ನುಂಗುತ್ತಿರುವವಳು. ಸೂಜಿ ಮಾತ್ರ ಗಂಡನದು. ಗಂಡ ಹೋದ, ಮಾತ್ರೆ ಉಳಿಯಿತು.

ಊರಿನಲ್ಲಿ ಅವಳಿಗೆ ಅರವತ್ತಮೂರು ಜನ ಗೊತ್ತು. ಯಾರ ಕೈಯ ಯಾವ ನರ ಬತ್ತಿದೆ, ಯಾರ ಹೆಂಡತಿಗೆ ಇನ್ನೂ ವಿಷಯ ತಿಳಿದಿಲ್ಲ, ಎಲ್ಲ ಗೊತ್ತು. ಬೀದಿಯಲ್ಲಿ ಮಾತ್ರ ಅವಳು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮೊದಲ ದಿನವೇ ಆಗುವ ಕರಾರು ಅದು: ಹೊರಗೆ ಸಿಕ್ಕರೆ ಕಂಡರೂ ಕಾಣದ ಹಾಗೆ ಹೋಗಬೇಕು. ಅವಳು ಮಾತನಾಡಿಸಿದವರ ಕಾಯಿಲೆ ಯಾವುದೆಂದು ಊರು ಕ್ಷಣದಲ್ಲಿ ಊಹಿಸಿಬಿಡುತ್ತದೆ. ಕರಾರಿನ ವಿಷಯದಲ್ಲಿ ಅವಳು ಪಕ್ಕಾ. ಕೆಲವು ಸಂಜೆ ಬಾಗಿಲ ಬೀಗ ತೆಗೆಯುವಾಗ ಇಡೀ ದಿನ ಹೊರಗೆ ಆಡಿದ ಮಾತು ಬಸ್ಸಿನಲ್ಲಿ "ಸ್ವಲ್ಪ ಜರುಗಿ" ಎಂದದ್ದೊಂದೇ ಆಗಿರುತ್ತದೆ.

ಆ ವರ್ಷ ಕೈತಪ್ಪಿ ಹೋಗುವಂತಿದ್ದವನು ಕಾಜಾದವನು. ಹೊಲಿಗೆ ಅಂಗಡಿಯಲ್ಲಿ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುವುದು ಅವನ ಕೆಲಸ. ಎರಡು ತಿಂಗಳಿಂದ ಮಾತ್ರೆಗೆ ಬಂದಿರಲಿಲ್ಲ. ಹಿಂದಿನ ಸಲ ಬಂದಾಗ ಕೌಂಟರಿನವನು, ಮೊದಲು ಸೂಜಿ ಬಿಡು, ಆಮೇಲೆ ಬಾ ಎಂದು ಸಾಲಿಗೆಲ್ಲ ಕೇಳುವ ಹಾಗೆ ಉಪದೇಶ ಮಾಡಿದ್ದ. ಇವನು ಉಪದೇಶ ತೆಗೆದುಕೊಂಡು, ಮಾತ್ರೆ ಬಿಟ್ಟು ಹೋಗಿದ್ದ. ಫೋನ್ ಸತ್ತಿತ್ತು. ಕೋಣೆಯಲ್ಲಿ ಜೊತೆ ಕೆಲಸದವರಿದ್ದಾರೆ, ಅಲ್ಲಿಗೆ ಬರಲೇಬೇಡಿ ಎಂದು ಮೊದಲೇ ತಾಕೀತು ಮಾಡಿದ್ದ. ಇನ್ನೂ ತಡವಾದರೆ ಮೈ ತಡೆಯುವುದಿಲ್ಲ, ಮಾತ್ರೆಯೂ ನಾಟದೇ ಹೋಗಬಹುದು ಎಂದು ಡಾಕ್ಟರು ಅವಳಿಗೆ ಹೇಳಿದ್ದರು.

ಒಂದು ಸೋಮವಾರ ಬೆಳಿಗ್ಗೆ ಅವನು ಬಸ್ ನಿಲ್ದಾಣದಲ್ಲಿ ಕಂಡ. ಅವಳು ಬರುವ ಕಡೆಗೇ ಮುಖ ಮಾಡಿ ನಿಂತು, ಕೆಮ್ಮಿದ. ಅವಳು ಬಸ್ಸಿನ ಬೋರ್ಡು ಓದುತ್ತಾ ದಾಟಿದಳು. ಮಂಗಳವಾರವೂ ಅಷ್ಟೇ. ಬುಧವಾರ, ಎದ್ದು ಓಡಾಡುತ್ತಿದ್ದಾನಲ್ಲ, ತಾನಾಗಿಯೇ ಬರುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು. ಗುರುವಾರ ಅವನಿರಲಿಲ್ಲ. ಶುಕ್ರವಾರವೂ ಇಲ್ಲದಿದ್ದಾಗ ತಾಕೀತು ಬದಿಗಿಟ್ಟು ಅವನ ಕೋಣೆಯ ಮೆಟ್ಟಿಲು ಹತ್ತಿದಳು.

ಜೊತೆಯವರು ಕೆಲಸಕ್ಕೆ ಹೋಗಿದ್ದರು. ಅವನು ಬಟ್ಟೆಚೂರು ತುಂಬಿದ ದಿಂಬಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಮೈ ಕಾದಿತ್ತು.

"ಮೂರು ದಿನ ನಿಂತಿದ್ದೆ ಅಕ್ಕಾ. ನನ್ನ ಹೆಸರು ಹೊಡೆದುಹಾಕಿದ್ದೀರಿ ಅಂದ್ಕೊಂಡೆ."

"ಕಂಡರೂ ಕಾಣದ ಹಾಗೆ ಇರಿ ಅಂತ ನೀನೇ ತಾನೆ ಹೇಳಿದ್ದು?"

"ಅದು ಚೆನ್ನಾಗಿದ್ದಾಗ ಹೇಳಿದ್ದು."

ಅವಳು ಚಪ್ಪಲಿ ಹುಡುಕಿ ಅವನ ಕಾಲ ಬಳಿ ಇಟ್ಟಳು.

"ಸೂಜಿ ಬಿಟ್ಟಿಲ್ಲ ಇನ್ನೂ," ಎಂದ.

"ನಾನು ಕೇಳಿದ್ನಾ? ಏಳು."

ಅವನ ಕಾಲು ನಿಲ್ಲುತ್ತಿರಲಿಲ್ಲ. ಅವಳ ತೋಳು ಹಿಡಿದೇ ನಡೆದ. ಟೀ ಅಂಗಡಿಯ ಮುಂದೆ ಅವನ ಅಂಗಡಿಯವರೇ ನಾಲ್ಕು ಜನ ನಿಂತಿದ್ದರು, ಲೋಟ ಕೈಯಲ್ಲೇ ಉಳಿಯಿತು. ಆಸ್ಪತ್ರೆಯಲ್ಲಿ ಕೌಂಟರಿನವನು ಬಾಯಿ ತೆರೆಯುವ ಮೊದಲೇ ಅವಳು, ಇವತ್ತು ಮಾತ್ರೆ ಕೊಡಿ, ಬೈಗುಳ ಮುಂದಿನ ತಿಂಗಳು ತಗೊಳ್ತೀವಿ ಎಂದಳು. ಡಾಕ್ಟರು ಜ್ವರಕ್ಕೆಂದು ಅವನನ್ನು ವಾರ್ಡಿನಲ್ಲೇ ಉಳಿಸಿಕೊಂಡು ರಕ್ತ ತೆಗೆಸಿದರು. ಮಾತ್ರೆ ನಾಟುತ್ತದೋ ಇಲ್ಲವೋ ತಿಳಿಯಲು ಸಮಯ ಬೇಕಿತ್ತು. ಮೊದಲ ಮಾತ್ರೆಯನ್ನು ಅವನು ಅವಳೆದುರೇ ನುಂಗಿದ.

ವಾರ್ಡಿಗೆ ಅವನನ್ನು ನೋಡಲು ಬಂದ ಜೊತೆಯವರು, ಆ ಹೆಂಗಸು ಯಾರು ಎಂದು ಕೇಳಿದ್ದಕ್ಕೆ ದೊಡ್ಡಮ್ಮನ ಮಗಳು ಎಂದನಂತೆ. ಆ ನೆಂಟಸ್ತಿಕೆಯನ್ನು ಯಾರೂ ನಂಬಲಿಲ್ಲ. ಸುದ್ದಿ ಹರಡಿತು. ಅರವತ್ತಮೂರರಲ್ಲಿ ಕೆಲವರು ಅವಳನ್ನು ದೂರದಿಂದ ಕಂಡೊಡನೆ ರಸ್ತೆ ದಾಟತೊಡಗಿದರು.

ಮುಂದಿನ ವಾರ ಅವರಲ್ಲೇ ಒಬ್ಬ ಟ್ಯಾಕ್ಸಿಯವನು ಗಾಡಿ ಒರೆಸುತ್ತಾ ನಿಂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ. ಮೊದಲಾಗಿದ್ದರೆ ನೇರ ಹೋಗಿಬಿಡುತ್ತಿದ್ದಳು. ಈಗ ಆ ಬೆನ್ನನ್ನು ನೋಡುತ್ತಾ ನಿಂತಳು. ಒರೆಸಿದ ಗಾಜನ್ನೇ ಅವನು ಮತ್ತೆ ಒರೆಸಿದ. ಹೋಗಿ ಎಂದೋ, ಕರೆಯಿರಿ ಎಂದೋ, ಬೆನ್ನಿನಿಂದ ಏನೂ ತಿಳಿಯಲಿಲ್ಲ. ಅವಳು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಅವನು ಗಾಡಿ ಹತ್ತಿ ಹೊರಟಿದ್ದ.